ಬೇಲಿ ಕೆರೆಗೆ, ದಾರಿ ಚರಂಡಿಗೆ

ಪ್ರತಿ ವರ್ಷ ಬೇಸಿಗೆ ಬಂತು ಅಂದ್ರೆ ಬೆಂಗಳೂರಿನ ಯಾವುದಾದರೂ ಒಂದು ಕೆರೆಯಿಂದ ಒಂದು ವಿಡಿಯೋ ಬಂದೇ ಬರುತ್ತೆ. ಹೊಟ್ಟೆ ಮೇಲಾಗಿ ತೇಲುತ್ತಿರೋ ಮೀನುಗಳು, ಮೂಗಿಗೆ ಕರ್ಚೀಫ್ ಹಿಡಿದು ನಿಂತಿರೋ ವಾಕಿಂಗ್ ಜನ, ದಡದಲ್ಲಿ ಗುಂಪುಗಟ್ಟಿರೋ ಕಾಗೆ-ಹದ್ದು. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿಗಳ ಉತ್ತರವೂ ಬರುತ್ತೆ. ಅದು ಹೆಚ್ಚುಕಮ್ಮಿ ಒಂದೇ: ಬಿಸಿಲು ಜಾಸ್ತಿ, ನೀರಲ್ಲಿ ಆಮ್ಲಜನಕ ಕಡಿಮೆ ಆಗಿದೆ.

2016ರ ಮಾರ್ಚ್ 7, ಶಿವರಾತ್ರಿ ದಿನ, ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಇಡೀ ದೇಶದ ಕ್ಯಾಮೆರಾಗಳು ಅಲ್ಲಿದ್ದವು. ಆಮೇಲೂ ನಿಂತಿಲ್ಲ. ಹಾಗಾದ್ರೆ ಕೇಳಬೇಕಾದ ಪ್ರಶ್ನೆ ಒಂದೇ. ಬಿಸಿಲು ಮೀನನ್ನ ಕೊಲ್ಲುತ್ತಾ? ಬನ್ನಿ, ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಓದಿದ್ದಕ್ಕೆ ಒಂದಿಷ್ಟು ಉಪಯೋಗ ಆಗಲಿ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕ ಕಡಿಮೆ, ಇದು ನಿಜ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ 25 ಡಿಗ್ರಿ ಬಿಸಿಯ ಶುದ್ಧ ನೀರು ಒಂದು ಲೀಟರಿಗೆ ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕ ಹಿಡ್ಕೊಳ್ಳುತ್ತೆ. 30 ಡಿಗ್ರಿಗೆ ಏರಿದರೆ ಅದು ಏಳಕ್ಕಿಂತ ಸ್ವಲ್ಪ ಕೆಳಗೆ ಇಳಿಯುತ್ತೆ. ಬಿಸಿಲು ಮಾಡೋ ಕೆಲಸ ಅಷ್ಟೇ, ಒಂದು ಮಿಲಿಗ್ರಾಮೂ ಇಲ್ಲ. ಮೀನಿಗೆ ಬೇಕಿರೋದು ಎಷ್ಟು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳೋದು 4 ಮಿಲಿಗ್ರಾಂ. ಅಂದ್ರೆ ಏಳರಿಂದ ನಾಲ್ಕಕ್ಕೆ, ನಾಲ್ಕರಿಂದ ಸೊನ್ನೆಗೆ ಇಳಿಸಿದ್ದು ಸೂರ್ಯ ಅಲ್ಲ. ಬೇರೆ ಯಾರೋ ಇದ್ದಾರೆ.

ಆ ಬೇರೆ ಯಾರೋ ನಮ್ಮ ಮನೆ ಬಚ್ಚಲಿಂದ, ಟಾಯ್ಲೆಟ್‌ನಿಂದ ಹೊರಡುತ್ತೆ. ಕೊಳಚೆ ನೀರು. ಅದರಲ್ಲಿರೋ ಕೊಳೆಯನ್ನ ಬ್ಯಾಕ್ಟೀರಿಯಾಗಳು ತಿಂತವೆ. ತಿನ್ನೋವಾಗ ನೀರಿನ ಆಮ್ಲಜನಕವನ್ನ ಉಸಿರಾಡ್ತವೆ. ಒಂದು ಲೀಟರ್ ಕೊಳಚೆ ಎಷ್ಟು ಆಮ್ಲಜನಕ ನುಂಗುತ್ತೆ ಅನ್ನೋ ಅಳತೆಗೆ ಬಿಒಡಿ ಅಂತಾರೆ. ಸಂಸ್ಕರಣೆ ಮಾಡದ ಮನೆ ಕೊಳಚೆಯಲ್ಲಿ ಇದು ಸಾಮಾನ್ಯವಾಗಿ 200 ಮಿಲಿಗ್ರಾಂ ದಾಟುತ್ತೆ. ಈಗ ಭಾಗಾಕಾರ ಮಾಡಿ. ಕೆರೆಯ ಒಂದು ಲೀಟರ್ ನೀರಲ್ಲಿ ಇರೋದು 7. ಅಂದ್ರೆ ಒಂದು ಲೀಟರ್ ಕೊಳಚೆಗೆ ಸುಮಾರು 30 ಲೀಟರ್ ಕೆರೆ ನೀರಿನ ಉಸಿರನ್ನ ಕೆಲವೇ ದಿನದಲ್ಲಿ ಹೀರೋ ಶಕ್ತಿ ಇದೆ. ರಾತ್ರಿ ಹೊತ್ತು ಕದ್ದುಮುಚ್ಚಿ ಬಂದು ಬಗ್ಗಿಸೋ 6000 ಲೀಟರಿನ ಒಂದೇ ಒಂದು ಟ್ಯಾಂಕರ್ ಸಾಕು, 1 ಲಕ್ಷದ 80 ಸಾವಿರ ಲೀಟರ್ ನೀರಿನ ಆಮ್ಲಜನಕಕ್ಕೆ ಸಮ. ಗಾಳಿಯಿಂದ ಹೊಸ ಆಮ್ಲಜನಕ ಸೇರುತ್ತೆ, ಹೌದು. ಆದ್ರೆ ನಿಂತ ನೀರಿಗೆ ಅದು ಸೇರೋದು ನಿಧಾನ. ಖರ್ಚು ಜಾಸ್ತಿ, ಸಂಪಾದನೆ ಕಡಿಮೆ. ಮನೆಯಾದ್ರೂ ಅಷ್ಟೇ, ಕೆರೆಯಾದ್ರೂ ಅಷ್ಟೇ.

ಇನ್ನೊಂದು ವಿಷಯ ಗಮನಿಸಿ. ಮೀನು ಸತ್ತ ಸುದ್ದಿ ಬರೋದು ಸಾಮಾನ್ಯವಾಗಿ ಬೆಳಗಿನ ವಾಕಿಂಗ್ ಹೊತ್ತಿಗೆ. ಯಾಕೆ? ಕೊಳಚೆಯಲ್ಲಿರೋ ಸಾರಜನಕ, ಸೋಪು-ಡಿಟರ್ಜೆಂಟಿನ ರಂಜಕ ಕೆರೆಗೆ ಗೊಬ್ಬರ ಇದ್ದಂಗೆ. ನೀರು ಪಾಚಿಯಿಂದ ಹಸಿರಾಗುತ್ತೆ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ತಾನೇ ಆಮ್ಲಜನಕ ಎಳೆಯೋಕೆ ಶುರು ಮಾಡುತ್ತೆ. ರಾತ್ರಿಯಿಡೀ ಇಳಿದು ಇಳಿದು ಬೆಳಗಿನ ಜಾವಕ್ಕೆ ತಳ ಮುಟ್ಟುತ್ತೆ. ಅದಕ್ಕೇ ಮೀನುಗಳು ಮುಂಜಾನೆ ಮೇಲೆ ಬಂದು ಬಾಯಿ ತೆರೆದು ಒದ್ದಾಡೋದು. ಅದನ್ನ ನೋಡಿ ಮೀನು ಆಟ ಆಡ್ತಿದೆ ಅಂತ ಮಕ್ಕಳಿಗೆ ತೋರಿಸ್ತೀವಿ, ಕಡ್ಲೆಪುರಿ ಎಸೀತೀವಿ. ತಿನ್ನದೆ ಉಳಿದ ಕಡ್ಲೆಪುರಿ, ಬ್ರೆಡ್ಡು ತಳಕ್ಕೆ ಹೋಗಿ ಕೊಳೆತು ಇನ್ನಷ್ಟು ಆಮ್ಲಜನಕ ತಿನ್ನುತ್ತೆ.

ಈಗ ಮಾಲಿನ್ಯ ಅಳೆಯೋ ಪದ್ಧತಿ ನೋಡಿ. ಸ್ಯಾಂಪಲ್ ತೆಗೆಯೋದು ಸಾಮಾನ್ಯವಾಗಿ ಹಗಲಲ್ಲಿ. ಆಗ ಪಾಚಿ ಪೂರ್ತಿ ಕೆಲಸದಲ್ಲಿರುತ್ತೆ, ಆಮ್ಲಜನಕದ ಅಂಕಿ ಚೆನ್ನಾಗೇ ಬರುತ್ತೆ. ಬೆಳಗಿನ ಜಾವ ನಾಲ್ಕೂವರೆಗೆ ಸತ್ತ ಮೀನಿನ ಕಥೆಯನ್ನ ಹನ್ನೊಂದು ಗಂಟೆಯ ಬಾಟಲಿ ನೀರು ಹೇಳಲ್ಲ. ಕಾರಂಜಿ ಕಥೆಯೂ ಇದೇ. ಕಾರಂಜಿ ನೀರಿಗೆ ಗಾಳಿ ಸೇರಿಸುತ್ತೆ ಅಂತ ದುಡ್ಡು ಹಾಕ್ತಾರೆ. ಎಷ್ಟೋ ಪಾರ್ಕ್‌ಗಳಲ್ಲಿ ಅದು ಚಾಲೂ ಆಗೋದು ಸಂಜೆ, ಬಣ್ಣದ ಲೈಟಿನ ಜೊತೆ, ಜನ ನೋಡ್ಲಿ ಅಂತ. ಮೀನಿಗೆ ಅದು ಬೇಕಿರೋದು ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ. ಆಗ ಸ್ವಿಚ್ ಆಫ್.

ಆಮ್ಲಜನಕ ಒಂದು ಕಡೆ, ಅಮೋನಿಯಾ ಇನ್ನೊಂದು ಕಡೆ. ಕೊಳಚೆಯಲ್ಲಿ ಅಮೋನಿಯಾ ಇದ್ದೇ ಇರುತ್ತೆ. ಅದರಲ್ಲಿ ಮೀನಿಗೆ ವಿಷ ಆಗೋದು ಮುಕ್ತ ಅಮೋನಿಯಾ ಅನ್ನೋ ಭಾಗ. ನೀರಿನ ಪಿಎಚ್ 7 ಇದ್ದಾಗ ಆ ಭಾಗ ನೂರಕ್ಕೆ ಅರ್ಧದಷ್ಟು. 8 ಆದ್ರೆ ನೂರಕ್ಕೆ ಐದು. 9ಕ್ಕೆ ಹೋದ್ರೆ ನೂರಕ್ಕೆ ಮೂವತ್ತರ ಮೇಲೆ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಿಎಚ್ ಏರುತ್ತೆ. ಅಂದ್ರೆ ಮಧ್ಯಾಹ್ನ ವಿಷ, ರಾತ್ರಿ ಉಸಿರುಕಟ್ಟು. ಇದರ ಮಧ್ಯೆ ಬದುಕೋ ಮೀನು ಯಾವುದು? ಗಾಳಿಯನ್ನೇ ನೇರ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್, ಗಟ್ಟಿಪಿಂಡ ಜಿಲೇಬಿ ಮೀನು. ಒಂದು ಕೆರೆಯಲ್ಲಿ ಇವೆರಡೇ ಸಿಗ್ತಾ ಇದ್ರೆ ಲ್ಯಾಬ್ ರಿಪೋರ್ಟ್ ಬೇಕಾಗಿಲ್ಲ.

ಕೇಂದ್ರ ಮಂಡಳಿ ನೀರನ್ನ ಎ ಯಿಂದ ಇ ವರೆಗೆ ಐದು ದರ್ಜೆ ಮಾಡಿದೆ. ಎ ಅಂದ್ರೆ ಸೋಂಕು ನಿವಾರಣೆ ಮಾಡಿ ಕುಡಿಯಬಹುದಾದ ನೀರು. ಬಿ ಸ್ನಾನಕ್ಕೆ. ನಾಲ್ಕನೇದು ಡಿ, ಅದು ವನ್ಯಜೀವಿ ಮತ್ತು ಮೀನುಗಾರಿಕೆಗೆ. ಆಮ್ಲಜನಕ ಕನಿಷ್ಠ 4, ಪಿಎಚ್ ಆರೂವರೆಯಿಂದ ಎಂಟೂವರೆ, ಮುಕ್ತ ಅಮೋನಿಯಾ 1.2ರ ಒಳಗೆ. ಇ ಅಂದ್ರೆ ನೀರಾವರಿಗೆ, ಕಾರ್ಖಾನೆ ತಂಪು ಮಾಡೋಕೆ. ಅಲ್ಲಿ ಆಮ್ಲಜನಕದ ಷರತ್ತೇ ಇಲ್ಲ. ನಮ್ಮ ಕೆರೆಗಳ ರಿಪೋರ್ಟ್‌ನಲ್ಲಿ ಡಿ ಮತ್ತು ಇ ಪದೇ ಪದೇ ಕಾಣಿಸುತ್ತೆ. ಇ ಬಂದ ಕೆರೆಗೆ ‘ಪಕ್ಷಿಗಳ ತಾಣ’ ಅಂತ ಬೋರ್ಡ್ ಹಾಕೋದು ಎಷ್ಟು ಸರಿ?

ಈಗ ನಮ್ಮ ಪಶ್ಚಿಮ ಭಾಗಕ್ಕೆ ಬರೋಣ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಯಂಡಹಳ್ಳಿ, ಕೆಂಗೇರಿ, ಇದೆಲ್ಲಾ ವೃಷಭಾವತಿ ಕಣಿವೆ. ಇಲ್ಲಿ ಬಿದ್ದ ಮಳೆ ಮೈಸೂರು ರಸ್ತೆ ಗಾಳಿ ಆಂಜನೇಯ ದೇವಸ್ಥಾನದ ಪಕ್ಕದಲ್ಲಿ ಹಾದು, ಕೆಂಗೇರಿ ದಾಟಿ, ಬಿಡದಿ ಬಳಿಯ ಭೈರಮಂಗಲ ಜಲಾಶಯ ಸೇರಿ, ಅಲ್ಲಿಂದ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ ಸೇರುತ್ತೆ. ಈ ದಾರಿಯುದ್ದಕ್ಕೂ ಕೆರೆಗಳಿದ್ದವು. ಒಂದರ ಕೋಡಿ ಹರಿದ್ರೆ ಇನ್ನೊಂದಕ್ಕೆ. ಆ ಕೆರೆಗಳು ಹೂಳು ಹಿಡೀತಿದ್ದವು, ಕೊಳೆ ಇಳಿಸ್ತಿದ್ದವು, ಪ್ರವಾಹ ತಡೀತಿದ್ದವು. ಈಗ ಮಾಯವಾದ ಕೆರೆಗಳ ಪಟ್ಟಿ ತೆಗೆದ್ರೆ ನಮ್ಮ ಏರಿಯಾ ಹೆಸರುಗಳೇ ಸಾಲಾಗಿ ಬರ್ತವೆ: ಕೇತಮಾರನಹಳ್ಳಿ, ಶಿವನಹಳ್ಳಿ, ಕುರುಬರಹಳ್ಳಿ, ಮಾರೇನಹಳ್ಳಿ, ವಿಜಯನಗರ ಕಾರ್ಡ್ ರಸ್ತೆಯ ಕೆರೆ. ಬಸವೇಶ್ವರನಗರ ಪಕ್ಕದ ಸಾಣೆಗುರುವನಹಳ್ಳಿ ಕೆರೆಯ ಮುಂದೆ ಆ ಪಟ್ಟಿಯಲ್ಲಿ ಏನಿದೆ ಗೊತ್ತಾ? ಆಟದ ಮೈದಾನ, ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡ. ನಾನು ಹೆಚ್ಚಿಗೆ ಹೇಳಬೇಕಾಗಿಲ್ಲ.

ಕೆರೆ ಹೋಯ್ತು, ಆದ್ರೆ ಅದಕ್ಕೆ ನೀರು ತರ್ತಿದ್ದ ರಾಜಕಾಲುವೆ ಉಳೀತು. ಅದರಲ್ಲಿ ಈಗ ಹರಿಯೋದು ಮಳೆ ನೀರಷ್ಟೇ ಅಲ್ಲ. ಉಳಿದಿರೋ ಬೆರಳೆಣಿಕೆಯ ಕೆರೆಗಳ ಮೇಲೆ, ಕೆಂಗೇರಿ, ಉಲ್ಲಾಳ, ಮಲ್ಲತ್ತಹಳ್ಳಿ, ಹೇರೋಹಳ್ಳಿ ಮೇಲೆ ಪೂರ್ತಿ ಭಾರ. ಈ ಕೆರೆಗಳಿಗೆ ನಾವು ಮಾಡಿದ್ದೇನು? ಅಭಿವೃದ್ಧಿ. ಅಂದ್ರೆ ಸುತ್ತ ಬೇಲಿ, ಗೇಟು, ವಾಕಿಂಗ್ ಪಾತ್, ಜಿಮ್ ಸಾಮಾನು, ಲೈಟು. 71 ಎಕರೆಯ ಮಲ್ಲತ್ತಹಳ್ಳಿ ಕೆರೆಯಲ್ಲಿ ಶಿವನ ಪ್ರತಿಮೆ, ಥೀಮ್ ಪಾರ್ಕ್ ಮಾಡೋಕೆ ಹೋಗಿ 2022ರಲ್ಲಿ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ವಾಕಿಂಗ್ ಪಾತ್ ಬೇಡ ಅಂತಲ್ಲ. ನನಗೂ ಬೇಕು. ಆದ್ರೆ ದಡವನ್ನ ನೇರ ಕಲ್ಲುಗೋಡೆ ಮಾಡಿದ್ರೆ ಬೆಳ್ಳಕ್ಕಿ ಕಾಲಿಡೋದೆಲ್ಲಿ? ಆಮೆ ಹತ್ತೋದೆಲ್ಲಿ? ಜೊಂಡು ಕಿತ್ತು ಹಾಕಿದ್ರೆ ಜಂಬುಕೋಳಿ ಗೂಡು ಕಟ್ಟೋದೆಲ್ಲಿ? ಆ ಜೊಂಡೇ ನೀರಿನ ಸಾರಜನಕ-ರಂಜಕ ಹೀರಿ ಕೆರೆ ತೊಳೀತಿತ್ತು ಅನ್ನೋದು ಬೇರೆ ಮಾತು.

‘ಹಕ್ಕಿಗಳು ಬರ್ತಿವೆ ಅಂದ್ರೆ ನೀರು ಚೆನ್ನಾಗಿದೆ’ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಮೆಟ್ಟುಗಾಲು ಹಕ್ಕಿಯಂಥವು ಕೊಳಚೆ ಅಂಚಿನ ಕೆಸರಲ್ಲೂ ಹುಳ ಹುಡುಕಿ ತಿಂತವೆ. ಮೀನು ಉಸಿರಿಗೆ ಮೇಲೆ ಬಂದ ದಿನ ನೀರುಕಾಗೆ, ಹೆಜ್ಜಾರ್ಲೆಗೆ ಹಬ್ಬ. ಹಬ್ಬದ ಮಾರನೇ ದಿನ ಅಪಾಯ ಶುರು. ಸತ್ತ ಮೀನು ಬಿಸಿಲಲ್ಲಿ ಕೊಳೆತು, ಆಮ್ಲಜನಕ ಇಲ್ಲದ ಕೆಸರಲ್ಲಿ ಬಾಟುಲಿಸಂ ವಿಷ ಉಂಟುಮಾಡೋ ಬ್ಯಾಕ್ಟೀರಿಯಾ ಬೆಳೆಯಬಹುದು. ಸತ್ತ ದೇಹದ ಹುಳದಲ್ಲಿ ವಿಷ ಸೇರುತ್ತೆ, ಆ ಹುಳ ತಿಂದ ಹಕ್ಕಿ ಕತ್ತು ಎತ್ತಲಾರದೆ ಸಾಯುತ್ತೆ, ಅದರ ಮೇಲೆ ಮತ್ತೆ ಹುಳ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಹೀಗೇ ಸಾವಿರಾರು ವಲಸೆ ಹಕ್ಕಿಗಳು ಸತ್ತವು. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಅದು ಬಾಟುಲಿಸಂ ಅಂತ ಖಚಿತ ಮಾಡಿತು. ಪಾಚಿಯ ವಿಷ ಇನ್ನೊಂದು. 2020ರಲ್ಲಿ ಬೋಟ್ಸ್‌ವಾನಾದಲ್ಲಿ 300ಕ್ಕೂ ಹೆಚ್ಚು ಆನೆ ಸತ್ತಾಗ ಅಲ್ಲಿನ ಸರ್ಕಾರ ಕೊಟ್ಟ ಕಾರಣ, ಕುಡಿಯೋ ನೀರಲ್ಲಿದ್ದ ನೀಲಿ-ಹಸಿರು ಪಾಚಿಯ ವಿಷ. ಆನೆಯನ್ನೇ ಬೀಳಿಸೋ ಪಾಚಿ, ವಾಕಿಂಗ್‌ಗೆ ಕರ್ಕೊಂಡು ಹೋದ ನಿಮ್ಮ ನಾಯಿಯನ್ನ ಬಿಡುತ್ತಾ? ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂಗಿದ್ರೆ ನಾಯಿಗೆ ಕುಡಿಸಬೇಡಿ, ಮಕ್ಕಳ ಕೈ ಅದ್ದಿಸಬೇಡಿ.

ಇಷ್ಟೆಲ್ಲಾ ಗೊತ್ತಿದ್ದೂ ಯಾಕೆ ಸರಿ ಹೋಗ್ತಿಲ್ಲ? ಯಾಕಂದ್ರೆ ಕೆರೆ ಪಾಲಿಕೆಯದ್ದು. ಒಳಚರಂಡಿ ಜಲಮಂಡಳಿಯದ್ದು. ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಮೀನು ಮೀನುಗಾರಿಕೆ ಇಲಾಖೆಯದ್ದು. ಹಕ್ಕಿ ಅರಣ್ಯ ಇಲಾಖೆಯದ್ದು. ಸತ್ತ ಮೀನು ಯಾರದ್ದು? ಮೂರು ದಿನ ಯಾರದ್ದೂ ಅಲ್ಲ. ಆ ಮೂರು ದಿನವೇ ಹಕ್ಕಿಗಳಿಗೆ ಮಾರಕ. 1974ರ ಜಲ ಕಾಯ್ದೆಯಲ್ಲಿ ಕೆರೆ-ಹೊಳೆಗೆ ಮಾಲಿನ್ಯ ಬಿಡೋದು ಅಪರಾಧ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಕ್ಕಿಗೆ ರಕ್ಷಣೆ ಇದೆ. ಕಾನೂನಿಗೆ ಬರ ಇಲ್ಲ.

ಮಾಡಬೇಕಾದ್ದು ದೊಡ್ಡ ರಾಕೆಟ್ ಸೈನ್ಸ್ ಅಲ್ಲ. ಮೊದಲನೇದು, ಕೆರೆಗೆ ಬರೋ ಕಾಲುವೆಯ ಬಾಯಲ್ಲೇ ಕೊಳಚೆ ತಿರುಗಿಸಿ ಸಂಸ್ಕರಣಾ ಘಟಕಕ್ಕೆ ಕಳಿಸೋದು. ಇದನ್ನ ಬಿಟ್ಟು ಬೇರೇನು ಮಾಡಿದ್ರೂ ತೂತು ಬಿಂದಿಗೆಗೆ ಬಣ್ಣ ಬಳಿದಂಗೆ. ಎರಡನೇದು, ಬೇಸಿಗೆಯಲ್ಲಿ, ಅದರಲ್ಲೂ ಮೊದಲ ಮಳೆ ಬಂದ ವಾರ, ಬೆಳಗಿನ ಜಾವ ಆಮ್ಲಜನಕ ಅಳೆಯೋದು, ಅದೇ ಹೊತ್ತಿಗೆ ಕಾರಂಜಿ ಹಾಕೋದು. ಮೊದಲ ಮಳೆ ಚರಂಡಿಯ ತಿಂಗಳುಗಟ್ಟಲೆ ಕೊಳೆಯನ್ನ ಒಂದೇ ಏಟಿಗೆ ಕೆರೆಗೆ ತಳ್ಳುತ್ತೆ. ಮೂರನೇದು, ಸತ್ತ ಮೀನನ್ನ ಅದೇ ದಿನ ತೆಗೆದು ಹೂಳೋದು, ಅದಕ್ಕೆ ಒಬ್ಬರು ಹೊಣೆ ಅಂತ ಬೋರ್ಡ್ ಮೇಲೆ ಹೆಸರು ಬರೆಯೋದು. ನಾಲ್ಕನೇದು, ದಡದ ಒಂದು ಭಾಗವನ್ನಾದ್ರೂ ಇಳಿಜಾರಾಗಿ, ಜೊಂಡಿನ ಸಮೇತ, ಜನ ಹೋಗದಂಗೆ ಬಿಡೋದು.

ನಮ್ಮ ಕೈಯಲ್ಲಿರೋದು? ಮೀನಿಗೆ ಬ್ರೆಡ್ಡು, ಪುರಿ ಹಾಕಬೇಡಿ. ಗಣೇಶನನ್ನ ಕೆರೆ ಪಕ್ಕದ ಕಲ್ಯಾಣಿಯಲ್ಲೇ ಬಿಡಿ, ಮಣ್ಣಿನ ಗಣೇಶನನ್ನೇ ತನ್ನಿ. ಹಕ್ಕಿ ಕತ್ತು ಬಿಟ್ಟು ಕೂತಿದ್ರೆ ಕೈಯಲ್ಲಿ ಮುಟ್ಟಬೇಡಿ. ವನ್ಯಜೀವಿಗಳಿಗೆ ಅಂತಲೇ ಇರೋ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ ನಮ್ಮ ಕೆಂಗೇರಿಯಲ್ಲೇ ಇದೆ, ಅವರಿಗೆ ತಿಳಿಸಿ. ಮತ್ತೆ, ಮೀನು ಬಾಯಿ ತೆರೆದು ಮೇಲೆ ಬಂದಿದ್ದನ್ನ ಕಂಡ್ರೆ ಗಂಟೆ ಎಷ್ಟು, ಯಾವ ಕಾಲುವೆ ಬಾಯಿ ಅಂತ ಬರ್ಕೊಂಡು ವಿಡಿಯೋ ಸಮೇತ ಪಾಲಿಕೆಗೂ ಮಾಲಿನ್ಯ ಮಂಡಳಿಗೂ ಅವತ್ತೇ ದೂರು ಕೊಡಿ. ಮೀನು ಸತ್ತ ಮೇಲೆ ನಮ್ಮ ಚಾನೆಲ್‌ಗೆ ಕಳಿಸೋ ವಿಡಿಯೋಗಿಂತ, ಸಾಯೋ ಮುಂಚೆ ಅವರಿಗೆ ಕಳಿಸಿದ್ದು ಹೆಚ್ಚು ಕೆಲಸಕ್ಕೆ ಬರುತ್ತೆ. ಆಗ ‘ಬಿಸಿಲು ಸಾರ್’ ಅಂತ ಹೇಳೋಕೆ ಅವರಿಗೆ ಜಾಗ ಇರಲ್ಲ.