ಹನ್ನೊಂದು ತಿಂಗಳ ಮನೆ, ತಲೆಮಾರಿನ ಹೊಲ

ಪಾವಗಡ ತಾಲ್ಲೂಕಿನಲ್ಲಿರುವ ನಮ್ಮ ಮನೆತನದ ಆರು ಎಕರೆ ಖುಷ್ಕಿ ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದೇವೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ಹೊಲದಲ್ಲೀಗ ಸೌರಫಲಕಗಳು ನಿಂತಿವೆ. ಗುತ್ತಿಗೆ ಹಣದ ನನ್ನ ಪಾಲು ಬ್ಯಾಂಕಿಗೆ ಜಮೆಯಾದಾಗಲೆಲ್ಲ ಬೆಂಗಳೂರಿನ ಬಸವನಗುಡಿಯ ಒಂದು ಹಳೆಯ ಮನೆಯೂ ಅದರ ಒಡತಿಯೂ ನೆನಪಾಗುತ್ತಾರೆ. ಇಂದು ಬಾಡಿಗೆ ಪಡೆಯುತ್ತಿರುವ ನಾನು ಅಂದು ಬಾಡಿಗೆ ಕೊಡುತ್ತಿದ್ದವನು. ನ್ಯಾಯವಾಗಿ ಕೊಟ್ಟೆನೇ ಎಂಬ ಪ್ರಶ್ನೆ ಮಾತ್ರ ಈಗಲೂ ಉಳಿದಿದೆ.

1986ರಲ್ಲಿ ವರ್ಗವಾಗಿ ಬೆಂಗಳೂರಿಗೆ ಬಂದಾಗ ತಿಂಗಳಿಗೆ 600 ರೂಪಾಯಿಗೆ ಆ ಮನೆ ದೊರೆಯಿತು. 1898ರಲ್ಲಿ ನಗರವನ್ನು ಪ್ಲೇಗ್ ಕಾಡಿದ ಮೇಲೆ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬೆಳೆಸಿದ ಬಡಾವಣೆ ಬಸವನಗುಡಿ. ಗಾಳಿ, ಬೆಳಕು ಅಲ್ಲಿನ ಮನೆಗಳ ಮೊದಲ ಲೆಕ್ಕಾಚಾರವಾಗಿತ್ತು. ಎರಡನೇ ಮಹಾಯುದ್ಧಕ್ಕೆ ಮೊದಲೇ ಕಟ್ಟಿದ್ದ ನಮ್ಮ ಬಾಡಿಗೆ ಮನೆಗೆ ಮಂಗಳೂರು ಹೆಂಚಿನ ಮಾಡು, ಎತ್ತರದ ಗೋಡೆಗಳಲ್ಲಿ ಗವಾಕ್ಷಿ, ಕನ್ನಡಿಯಂತೆ ಹೊಳೆಯುವ ಕೆಂಪು ನೆಲ, ವಿಶಾಲವಾದ ಪಡಸಾಲೆ, ಹಿತ್ತಿಲಲ್ಲಿ ತೆಂಗು ಇದ್ದವು. ಒಂದೇ ಕಿಟಕಿಯ ಮಾಳಿಗೆ ಮನೆಯಲ್ಲಿ ಬೆಳೆದ ನನಗೆ ಅದು ಅರಮನೆಯೇ ಸರಿ.

ಆಗ ಜಾರಿಯಲ್ಲಿದ್ದುದು 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ. ಮನೆ ತೆರವುಗೊಳಿಸುವುದಾಗಲಿ, ಬಾಡಿಗೆ ಏರಿಸುವುದಾಗಲಿ ಮಾಲೀಕರಿಗೆ ಸುಲಭವಿರಲಿಲ್ಲ. ಹಿಂಬದಿಯ ಎರಡು ಕೋಣೆಗಳಲ್ಲಿ ವಾಸವಿದ್ದ ಒಡತಿ ವಿಧವೆ. ಬಾಡಿಗೆಯೇ ಅವರ ಜೀವನಾಧಾರ. 1994ರ ಮಳೆಗಾಲದಲ್ಲಿ ಪಡಸಾಲೆ ಸೋರತೊಡಗಿದಾಗ ರಿಪೇರಿ ಮಾಡಿಸಿಕೊಡುವಂತೆ ಕೇಳಿದೆ. ‘ನೀನು ಕೊಡೋ ಬಾಡಿಗೆ ಹೆಂಚಿಗೂ ಸಾಲದಲ್ಲಪ್ಪ, ಸ್ವಲ್ಪ ಜಾಸ್ತಿ ಮಾಡ್ತೀಯಾ?’ ಎಂದರು. ‘ನೋಡೋಣಮ್ಮ’ ಎಂದು ಜಾರಿಕೊಂಡೆ. ಕಾನೂನು ನನ್ನ ಪರವಾಗಿದೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ವರ್ಷಕ್ಕೆ ಕೇವಲ ಶೇ 5ರಂತೆ ಏರಿಸಿದ್ದರೂ 16 ವರ್ಷಗಳಲ್ಲಿ ಆ ಬಾಡಿಗೆ 1,300 ರೂಪಾಯಿ ದಾಟಬೇಕಿತ್ತು. 2002ರಲ್ಲಿ ಸ್ವಂತ ಮನೆಗೆ ಹೊರಟಾಗಲೂ ನಾನು ಕೊಡುತ್ತಿದ್ದುದು ಅದೇ 600. ಮರುವರ್ಷ ಆಕೆ ಮನೆ ಮಾರಿದರು. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಅರ್ಥಶಾಸ್ತ್ರ ಓದಿದ ನಾನು ಒಂದು ಮನೆಯ ಸವಕಳಿಗೆ ಹೀಗೆ ಪಾಲುದಾರನಾದೆ.

ಇದು ನಮ್ಮೊಬ್ಬರ ಕಥೆಯಲ್ಲ. ಮುಂಬಯಿಯಲ್ಲಿ 1947ರ ಕಾಯ್ದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ದುರಸ್ತಿ ಕಾಣದ ಚಾಳ್‌ಗಳು ಮಳೆಗಾಲದಲ್ಲಿ ಕುಸಿಯುವುದು ಅಲ್ಲಿ ವಾಡಿಕೆಯ ಸುದ್ದಿಯಾಯಿತು. ಬಡ ಬಾಡಿಗೆದಾರನನ್ನು ಕಾಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಆ ರಕ್ಷಣೆಯ ಖರ್ಚನ್ನು ಸರ್ಕಾರ ಭರಿಸಲಿಲ್ಲ. ಮನೆಯ ಮಾಡು ಭರಿಸಿತು.

ಇಂದು ತಕ್ಕಡಿ ಇನ್ನೊಂದು ಬದಿಗೆ ವಾಲಿದೆ. 2001ರ ಕೊನೆಯ ದಿನ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬೆಂಗಳೂರಿನಲ್ಲಿ ಮಾಸಿಕ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ವಾಸದ ಮನೆಗಳು ಬರುವುದಿಲ್ಲ. ಆ ಮೊತ್ತಕ್ಕೆ ಇಂದು ಒಂದು ಕೋಣೆಯೂ ಸಿಗುವುದು ಕಷ್ಟ. ನನ್ನ ಮಗಳು ಮನೆ ಹುಡುಕಿದಾಗ ಕೇಳಿದ್ದು ಹತ್ತು ತಿಂಗಳ ಅಡ್ವಾನ್ಸ್; ಕೊಟ್ಟದ್ದು ಹನ್ನೊಂದು ತಿಂಗಳ ಕರಾರು. ಈ ಹನ್ನೊಂದರ ಗುಟ್ಟು 1908ರ ನೋಂದಣಿ ಕಾಯ್ದೆಯಲ್ಲಿದೆ: ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಶುಲ್ಕ, ಅಲೆದಾಟ, ಹಳೆಯ ಕಾಯ್ದೆ ಬಿಟ್ಟುಹೋದ ಭಯ ಸೇರಿ ನಗರದ ಸಂಸಾರಗಳು ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಅತಂತ್ರವಾಗುತ್ತಿವೆ. ಅದೇ ಭಯದಿಂದ ಬೀಗ ಹಾಕಿದ ಮನೆಗಳೂ ಇವೆ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿಯಿದ್ದವು.

ಪಾವಗಡದ ಕರಾರನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಿರುಮಣಿ ಸುತ್ತಮುತ್ತಲಿನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಅವಧಿ ಕಾಲು ಶತಮಾನಕ್ಕೂ ಮೀರಿದ್ದು. ಕೊರತೆಗಳಿಲ್ಲವೆಂದಲ್ಲ. ಈ ಏರಿಕೆ ಬೆಲೆಯೇರಿಕೆಗೆ ಸಾಟಿಯಲ್ಲ. ಜಮೀನಿಲ್ಲದ ಕೂಲಿಕಾರರ ಪಾಲಿಗೆ ಬಾಡಿಗೆಯ ಬಿಡಿಗಾಸೂ ಇಲ್ಲ. ಆದರೂ ಕೊಡುವವರಿಗೂ ಪಡೆಯುವವರಿಗೂ ನಾಳೆ ಏನೆಂಬುದು ಕಾಗದದ ಮೇಲಿದೆ.

ಸೌರಫಲಕಕ್ಕೆ ಸಿಕ್ಕ ಈ ಭರವಸೆ ಸಂಸಾರಕ್ಕೇಕೆ ಸಿಗಬಾರದು? ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆನ್ನುತ್ತದೆ. ವ್ಯಾಜ್ಯಗಳಿಗೆ ಪ್ರತ್ಯೇಕ ಪ್ರಾಧಿಕಾರವನ್ನೂ ಸೂಚಿಸುತ್ತದೆ. ಅದರ ಜೊತೆಗೆ ಐದು ವರ್ಷದ ಕರಾರು, ಮೊದಲೇ ಬರೆದ ವಾರ್ಷಿಕ ಏರಿಕೆ, ನಾಮಮಾತ್ರ ನೋಂದಣಿ ಶುಲ್ಕ, ದುರಸ್ತಿ ಮಾಡಿಸುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸೇರಿದರೆ, ಉಳಿದಿರುವ ಹಳೆಯ ಮನೆಗಳಲ್ಲಿ ಕೆಲವಾದರೂ ಬಾಳಿಯಾವು.

ಆಕೆ ಕೇಳಿದ್ದು ಹೆಂಚಿನ ಖರ್ಚನ್ನು ಮಾತ್ರ. ಕಾನೂನು ನನ್ನನ್ನು ಕೇಳಲಿಲ್ಲ. ಕೊಡುವುದಕ್ಕೆ ಅಡ್ಡಿಯನ್ನೂ ಮಾಡಿರಲಿಲ್ಲ.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)