ತಟ್ಟೆಯಲ್ಲಿ ಮಿಡಿದ ನರ

ಹಸು ಕಟ್ಟಿದವರಿಗೂ ಆಕರಕೋಶ (ಸ್ಟೆಮ್ ಸೆಲ್) ಸಾಕುವವರಿಗೂ ಭಾನುವಾರವೆಂಬುದಿಲ್ಲ. ಹಬ್ಬವಿರಲಿ, ಬಂದ್ ಇರಲಿ, ಯಾರಾದರೊಬ್ಬರು ಲ್ಯಾಬಿಗೆ ಹೋಗಿ 37 ಡಿಗ್ರಿಯ ಇನ್‌ಕ್ಯುಬೇಟರ್ ತೆರೆದು, ತಟ್ಟೆಯಲ್ಲಿನ ಹಳೆಯ ಪೋಷಕ ದ್ರವವನ್ನು ಹೀರಿ ತೆಗೆದು ಹೊಸದನ್ನು ಹಾಕಿ ಬರಬೇಕು. ನಸುಗೆಂಪಗಿನ ದ್ರವ ಹಳದಿಗೆ ತಿರುಗಿದ್ದರೆ ಕೋಶಗಳು ಉಂಡು ಬಿಟ್ಟ ಆಮ್ಲ ಹೆಚ್ಚಾಗಿದೆ ಎಂದೇ ಲೆಕ್ಕ. ಇದರ ಜೊತೆಗೆ ಕಳೆ ಕೀಳುವ ಕೆಲಸ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳ್ಳೆಯ ಗುಂಪಿನ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ, ಅಂಚು ಕತ್ತರಿಸಿಟ್ಟಷ್ಟು ನೀಟು. ಅಂಚು ಕದಡಿದ ಗುಂಪು ಹೇಳದೆ ಕೇಳದೆ ಬೇರೇನೋ ಆಗಲು ಹೊರಟಿದೆ. ಅದನ್ನು ಕೆರೆದು ತೆಗೆಯಬೇಕು.

ತಿಂಗಳುಗಟ್ಟಲೆ ಈ ಚಾಕರಿ ಮಾಡಿದ ಮೇಲೆ ಕೈಗೆ ಬರುವುದು ನರಕೋಶ. ಶುರುವಾಗಿದ್ದು ಯಾರದೋ ತೋಳಿನ ಚರ್ಮದ ಚೂರಿನಿಂದ, ಇಲ್ಲವೇ ಒಂದಿಷ್ಟು ರಕ್ತದಿಂದ.

ಚರ್ಮವಾದ ಕೋಶ ಕೊನೆಯತನಕ ಚರ್ಮವೇ ಎಂದು ಜೀವಶಾಸ್ತ್ರ ಬಹುಕಾಲ ನಂಬಿತ್ತು. ಮೊಸರು ಮತ್ತೆ ಹಾಲಾಗುವುದಿಲ್ಲ ಅನ್ನುವಷ್ಟೇ ಖಚಿತವಾಗಿ. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಮೊಟ್ಟೆಯೊಳಗೆ ಕೂರಿಸಿ ಹೊಸ ಜೀವ ಬೆಳೆಸಿದಾಗಲೇ ಆ ನಂಬಿಕೆ ಅಲುಗಿತು. ಅದನ್ನು ಪೂರ್ತಿ ಕೆಡವಿದ್ದು ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ. ಇವರು ಮೊದಲು ಮೂಳೆ ಶಸ್ತ್ರವೈದ್ಯರಾಗಲು ಹೊರಟವರು. ಆಪರೇಷನ್ ಥಿಯೇಟರಿನಲ್ಲಿ ಕೈ ಎಷ್ಟು ನಿಧಾನವೆಂದರೆ, ಹಿರಿಯರು ಅವರನ್ನು 'ಜಾಮನಾಕ' ಎಂದು ಕರೆದರಂತೆ. ಜಪಾನಿ ಭಾಷೆಯಲ್ಲಿ 'ಜಾಮ' ಎಂದರೆ ಅಡ್ಡಿ.

ಯಮನಾಕ ಮತ್ತು ಕಜುತೋಶಿ ತಕಹಾಶಿ 24 ಜೀನ್‌ಗಳನ್ನು ಆರಿಸಿಕೊಂಡು ಇಲಿಯ ಚರ್ಮದ ಕೋಶಗಳಿಗೆ ಒಟ್ಟಿಗೇ ಹೊಗಿಸಿದರು. ಕೋಶಗಳು ಹಿಂದಕ್ಕೆ ನಡೆದವು. ಆಮೇಲೆ ಒಂದೊಂದೇ ಜೀನ್ ಬಿಟ್ಟು ನೋಡಿದರು, ಯಾವುದಿಲ್ಲದಿದ್ದರೆ ಸಾರು ಕೆಡುತ್ತದೆ ಎಂದು ಪರೀಕ್ಷಿಸುವ ಹಾಗೆ. ಕೊನೆಗೆ ಉಳಿದದ್ದು ನಾಲ್ಕೇ ನಾಲ್ಕು. ಇದು 2006ರ ಮಾತು. ಮರುವರ್ಷ 36 ವರ್ಷದ ಮಹಿಳೆಯೊಬ್ಬರ ಮುಖದ ಚರ್ಮದಲ್ಲೂ ಅದೇ ನಾಲ್ಕು ಕೆಲಸ ಮಾಡಿದವು. 2012ರ ನೊಬೆಲ್ ಗರ್ಡನ್ ಮತ್ತು ಯಮನಾಕ ಇಬ್ಬರಿಗೂ ಸಂದಿತು. ಹೀಗೆ ಬಾಲ್ಯಕ್ಕೆ ಮರಳಿದ ಕೋಶವೇ ಐಪಿಎಸ್ ಕೋಶ. ದೇಹದ ಯಾವ ಕೋಶ ಬೇಕಾದರೂ ಆಗಬಲ್ಲದು.

ಆಗಬಲ್ಲದು, ಸರಿ. ಆದರೆ ನರಕೋಶವೇ ಆಗು ಎಂದು ಅದಕ್ಕೆ ಹೇಳುವುದು ಹೇಗೆ? ಭ್ರೂಣದಲ್ಲಿ ಪ್ರಕೃತಿ ಯಾವ ರಾಸಾಯನಿಕ ಸಂದೇಶಗಳನ್ನು ಯಾವ ಹೊತ್ತಿಗೆ ಕಳಿಸುತ್ತದೋ, ತಟ್ಟೆಯಲ್ಲೂ ಅವನ್ನೇ ಅದೇ ಕ್ರಮದಲ್ಲಿ ಕೊಡಬೇಕು. ಕೆಲವು ದಿನಗಳಲ್ಲಿ ಕೋಶಗಳು ಹೂವಿನ ದಳಗಳಂತೆ ವೃತ್ತಾಕಾರದಲ್ಲಿ ಜೋಡಿಸಿಕೊಳ್ಳುತ್ತವೆ. ಭ್ರೂಣದ ನರನಾಳ ಮೂಡುವ ಬಗೆಯೇ ಅದು. ನಂತರ ಎ ಜೀವಸತ್ವದಿಂದ ಬರುವ ರೆಟಿನಾಯಿಕ್ ಆಮ್ಲ ಮತ್ತು ಸಾನಿಕ್ ಹೆಜ್‌ಹಾಗ್ ಎಂಬ ಪ್ರೊಟೀನು ಬಿದ್ದರೆ ಸ್ನಾಯುಗಳನ್ನು ಆಡಿಸುವ ಚಾಲಕ ನರಕೋಶದ ದಾರಿ. ಬೇರೆ ಮಿಶ್ರಣ ಕೊಟ್ಟರೆ ಡೋಪಮೈನ್ ಸುರಿಸುವ ಕೋಶ.

2008ರಲ್ಲಿ ಹಾರ್ವರ್ಡಿನ ಕೆವಿನ್ ಎಗ್ಗನ್ ತಂಡ, ಚಾಲಕ ನರಕೋಶಗಳೇ ನಶಿಸುವ ಎಎಲ್‌ಎಸ್ ರೋಗವಿದ್ದ 82 ವರ್ಷದ ವೃದ್ಧೆಯೊಬ್ಬರ ಚರ್ಮದಿಂದ ಚಾಲಕ ನರಕೋಶ ಬೆಳೆಸಿತು. ನೋಡಲು ನರಕೋಶ, ಉದ್ದನೆಯ ಬಾಲ, ಕವಲುಗಳು ಎಲ್ಲವೂ ಇದ್ದರೂ ಅದು ಮಾತಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ 2009ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂತು. ಪರೀಕ್ಷೆಯ ಬಗೆ ಹೀಗೆ: ಗಾಜಿನ ನಳಿಗೆಯೊಂದನ್ನು ಕಾಯಿಸಿ ಎಳೆದು ಅದರ ತುದಿಯನ್ನು ಸುಮಾರು ಒಂದು ಮೈಕ್ರಾನಿನಷ್ಟು ಸಣ್ಣದಾಗಿಸುತ್ತಾರೆ. ಉಸಿರು ಬಿಗಿಹಿಡಿದು ಅದನ್ನು ಕೋಶದ ಪೊರೆಗೆ ತಾಗಿಸಿ ಮೆಲ್ಲಗೆ ಹೀರಿದರೆ ಎರಡೂ ಅಂಟಿಕೊಳ್ಳುತ್ತವೆ. ಮೇಜು ಅಲುಗಿದರೆ ಮತ್ತೆ ಮೊದಲಿನಿಂದ. ಪ್ರೌಢ ನರಕೋಶ ಸುಮ್ಮನಿರುವಾಗ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತದೆ. ಚೂರು ಕರೆಂಟ್ ಕೊಟ್ಟಾಗ ಪರದೆಯ ಮೇಲೆ ಗೆರೆ ಸೂಜಿಯಂತೆ ಚಿಮ್ಮಿ ಒಂದೆರಡು ಮಿಲಿಸೆಕೆಂಡಿನಲ್ಲಿ ಇಳಿದರೆ, ಅದು ಕೆಲಸ ಮಾಡುವ ನರಕೋಶ. ಆ ಗೆರೆ ಚಿಮ್ಮಿತು.

ಇದರ ಉಪಯೋಗವೇನು ಎಂದು ಕೇಳಿದರೆ ಎಲ್ಲರ ಬಾಯಲ್ಲಿ ಬರುವುದು 'ಸ್ಪೇರ್ ಪಾರ್ಟ್'. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಲಿವರಿನ ಚೂರು ತೆಗೆದು ನೋಡಿದಂತೆ, ಬದುಕಿರುವವರ ಮಿದುಳಿನಿಂದ ಬೇಕೆಂದಾಗ ಚೂರು ತೆಗೆಯಲಾಗದು. ಹಾಗಾಗಿ ಮನೋರೋಗಗಳು ನರಕೋಶದ ಮಟ್ಟದಲ್ಲಿ ಏನು ಮಾಡುತ್ತವೆ ಎಂಬುದು ಮುಚ್ಚಿದ ಬಾಗಿಲಾಗಿತ್ತು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ ಮಾಡುತ್ತಿರುವುದು ಈ ಬಾಗಿಲು ತೆರೆಯುವ ಕೆಲಸ: ಒಂದೇ ಮನೆಯ ಹಲವರಿಗೆ ತೀವ್ರ ಮನೋರೋಗವಿರುವ ಕುಟುಂಬಗಳಿಂದ ರಕ್ತ ಪಡೆದು, ರೋಗವಿರುವವರ ಮತ್ತು ಇಲ್ಲದವರ ಕೋಶಗಳನ್ನು ಬೆಳೆಸಿ ಹೋಲಿಸುವುದು.

ಒಂದು ತೊಡಕಂತೂ ಇದೆ. ಬಾಲ್ಯಕ್ಕೆ ಮರಳಿದ ಕೋಶ ತನ್ನ ವಯಸ್ಸನ್ನೂ ಬಹುಮಟ್ಟಿಗೆ ಮರೆಯುತ್ತದೆ. ಎಂಬತ್ತೆರಡರ ಅಜ್ಜಿಯ ಚರ್ಮದಿಂದ ಬಂದ ನರಕೋಶ ಭ್ರೂಣದ ನರಕೋಶದಷ್ಟು ಎಳಸು. ಮುಪ್ಪಿನ ರೋಗವನ್ನು ಎಳೆಗೂಸಿನಲ್ಲಿ ಹುಡುಕಿದಂತೆ.

ಇನ್ನು ಸ್ಪೇರ್ ಪಾರ್ಟ್ ವಿಚಾರ. 2018ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜುನ್ ತಕಹಾಶಿ ತಂಡ ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ, ಡೋಪಮೈನ್ ಕೋಶಗಳಾಗಲಿದ್ದ ಎಳೆಯ ಕೋಶಗಳನ್ನು ನೆಡಲು ಆರಂಭಿಸಿತು. ಅವು ರೋಗಿಗಳ ಸ್ವಂತ ಕೋಶಗಳಲ್ಲ, ಆರೋಗ್ಯವಂತ ದಾನಿಯೊಬ್ಬರವು. 2025ರಲ್ಲಿ ಫಲಿತಾಂಶ ಬಂತು: ಏಳು ಜನರಲ್ಲಿ ಯಾರಿಗೂ ಗಡ್ಡೆ ಬೆಳೆಯಲಿಲ್ಲ, ಪರಿಣಾಮ ಅಳೆದ ಆರು ಜನರಲ್ಲಿ ನಾಲ್ವರಿಗೆ, ಮಾತ್ರೆಯ ಪ್ರಭಾವವಿಲ್ಲದ ಹೊತ್ತಿನಲ್ಲೂ ಚಲನೆ ಸುಧಾರಿಸಿತ್ತು. ಸಂತೋಷದ ಸುದ್ದಿಯೇ. ಆದರೆ ಹೋಲಿಸಿ ನೋಡಲು, ಕೋಶ ಹಾಕಿಸಿಕೊಳ್ಳದ ಗುಂಪು ಅಲ್ಲಿರಲಿಲ್ಲ. ಏಳು ಜನರ ಲೆಕ್ಕ ಏಳು ಜನರದ್ದೇ.

ಆದ್ದರಿಂದ ಕೈ ನಡುಗುವ ಅಪ್ಪನನ್ನೋ ಮಾತು ಬಾರದ ಮಗುವನ್ನೋ ಕರೆದುಕೊಂಡು ಹೋದಾಗ, ಕೆಲವು ಲಕ್ಷ ಕಟ್ಟಿದರೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಇದು ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಿದ ಪ್ರಯೋಗವೇ, ಅದರ ಸಂಖ್ಯೆ ಏನು ಎಂದು ಕೇಳಿ. ನಿಜವಾದ ಪ್ರಯೋಗದಲ್ಲಿ ಪಾಲ್ಗೊಳ್ಳುವವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.