ಕರಡಿನಲ್ಲಿ ಕಂಡ ಕಲಾವಿದ

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಕಾರಣಗಳನ್ನು ಹೇಳುವಾಗ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರನ್ನು ಎಣಿಸುವುದುಂಟು. ಪ್ರತಿಭೆಯನ್ನು ಲೋಕ ಕೊಂಡಾಡುತ್ತದೆ; ವ್ಯುತ್ಪತ್ತಿಯನ್ನು ವಿದ್ವಾಂಸರು ಗುರುತಿಸುತ್ತಾರೆ. ಅಭ್ಯಾಸ ಮಾತ್ರ ಯಾರ ಕಣ್ಣಿಗೂ ಬೀಳದೆ, ಹರಿದೆಸೆದ ಹಾಳೆಗಳೊಡನೆ ಕಸದ ಬುಟ್ಟಿಯನ್ನು ಸೇರುತ್ತದೆ. ಕಲಾವಿದನೊಬ್ಬನು ತಾನಾಗಿಯೇ ಆ ಬುಟ್ಟಿಯನ್ನು ರಸಿಕರ ಮುಂದೆ ಸುರಿದರೆ ಅದನ್ನು ಔದಾರ್ಯವೆನ್ನಬೇಕೋ, ಅವಿವೇಕವೆನ್ನಬೇಕೋ?

ಈ ಪ್ರಶ್ನೆಗೆ ಎಡೆಮಾಡಿಕೊಟ್ಟವನು ಡೇನಿಯಲ್ ರೋಸೆನ್‌ಫೆಲ್ಡ್. ಅಂದಿನ ಪೂರ್ವ ಜರ್ಮನಿಯಲ್ಲಿ ಹುಟ್ಟಿದ ಈತನ ಅಂಕಿತ ‘ಸಿ418’. ಗುರುಮುಖೇನ ಶಾಸ್ತ್ರ ಕಲಿತವನಲ್ಲ. ಅಣ್ಣನ ಮಾತು ಕೇಳಿ ‘ಏಬಲ್‌ಟನ್ ಲೈವ್’ ಎಂಬ ತಂತ್ರಾಂಶದ ಮುಂದೆ ಕುಳಿತು ತಾನೇ ಕಲಿತವನು. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಲೋಕದ ಮುಂದಿಟ್ಟ ‘ಮೈನ್‌ಕ್ರಾಫ್ಟ್’ ಎಂಬ ವೀಡಿಯೊ ಆಟಕ್ಕೆ ಈತ ಕೂಡಿಸಿದ ಸಂಗೀತವು 2011ರಲ್ಲಿ ‘ವಾಲ್ಯೂಮ್ ಆಲ್ಫಾ’ ಎಂಬ ಹೆಸರಿನಿಂದ 24 ರಚನೆಗಳ ಸಂಪುಟವಾಗಿ ಹೊರಬಂದಿತು. ಆಟದ ಪ್ರತಿಗಳು 30 ಕೋಟಿಗೂ ಮಿಕ್ಕಿ ಮಾರಾಟವಾದುವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2025ರಲ್ಲಿ ಆ ಸಂಪುಟವನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿಕೊಂಡಿತು.

ಕೀರ್ತಿ ಬಾಗಿಲಿಗೆ ಬಂದ ಅದೇ 2011ರಲ್ಲಿ ಈತ ಇನ್ನೊಂದು ಸಂಕಲನವನ್ನೂ ಹೊರತಂದನು. ಬೇರೆ ಸಂಪುಟಗಳಲ್ಲಿ ಎಡೆ ಸಿಕ್ಕದೆ ಉಳಿದಿದ್ದ ಹಳೆಯ ತುಣುಕುಗಳು ಅದರಲ್ಲಿವೆ. ಅದರ ಹೆಸರು ‘ಸೆವೆನ್ ಇಯರ್ಸ್ ಆಫ್ ಸರ್ವರ್ ಡೇಟಾ’. ಎಂದರೆ, ಏಳು ವರ್ಷ ಗಣಕದ ಉಗ್ರಾಣದಲ್ಲಿ ಬಿದ್ದಿದ್ದ ಸರಕು. ಹೆಸರಿನಲ್ಲಿಯೇ ವಿನಯವಿದೆ. ಇದು ಕೃತಿಯೆಂದು ಆತ ಸಾರುತ್ತಿಲ್ಲ, ಬರಿಯ ಸರಕೆನ್ನುತ್ತಾನೆ.

ಆದರೂ ಆ ಸರಕಿಗೆ ಬೆಲೆಯುಂಟು. ‘ಮೈನ್‌ಕ್ರಾಫ್ಟ್’ ಸಂಗೀತದ ಹೆಗ್ಗುಣವೆಂದರೆ ಅದರ ಮಿತಭಾಷೆ. ಪಿಯಾನೋದ ಕೆಲವೇ ಸ್ವರಗಳು ಕೇಳಿಸಿ ನಿಲ್ಲುತ್ತವೆ. ಬಳಿಕ ಹಲವು ನಿಮಿಷಗಳ ಮೌನ. ಆಟದ ಧ್ವನಿವ್ಯವಸ್ಥೆ ಮೊದಮೊದಲು ಬಹಳ ದುರ್ಬಲವಾಗಿದ್ದುದೇ ಇದಕ್ಕೊಂದು ಕಾರಣ. ಆದರೆ ಕೊರತೆ ತಾನಾಗಿ ಗುಣವಾಗುವುದಿಲ್ಲ. ಅದನ್ನು ಗುಣವಾಗಿಸಬಲ್ಲ ಕೈ ಪಳಗಿರಬೇಕು. ಇಪ್ಪತ್ತರ ಆಸುಪಾಸಿನ ತರುಣನಿಗೆ ಆ ಹದ ಒಂದೇ ರಾತ್ರಿಯಲ್ಲಿ ಬಂದುದಲ್ಲವೆಂಬುದಕ್ಕೆ ಈ ಏಳು ವರ್ಷಗಳ ಉಳಿಕೆಯೇ ಸಾಕ್ಷಿ.

ಅಪಕ್ವವಾದುದನ್ನು ಬಚ್ಚಿಡುವುದೇ ಮರ್ಯಾದೆಯೆಂದು ವಾದಿಸುವವರಿಲ್ಲದಿಲ್ಲ. 1924ರಲ್ಲಿ ತೀರಿಕೊಂಡ ಕಾಫ್ಕಾ ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡುವಂತೆ ಗೆಳೆಯ ಮ್ಯಾಕ್ಸ್ ಬ್ರಾಡನಿಗೆ ತಿಳಿಸಿದ್ದನು. ಬ್ರಾಡ್ ಸುಡಲಿಲ್ಲ, ಅಚ್ಚು ಹಾಕಿಸಿದನು. ಎಲಿಯಟ್ಟನ ‘ದ ವೇಸ್ಟ್ ಲ್ಯಾಂಡ್’ ಕಾವ್ಯದ ಕರಡು ಕವಿಯ ಮರಣಾನಂತರ, 1971ರಲ್ಲಿ ಬೆಳಕು ಕಂಡಿತು. ಎಜ್ರಾ ಪೌಂಡ್ ಎಷ್ಟು ಸಾಲುಗಳಿಗೆ ಕತ್ತರಿಯಾಡಿಸಿದ್ದನೆಂಬುದು ಅದರಿಂದ ಎಲ್ಲರಿಗೂ ಕಾಣುವಂತಾಯಿತು. ಕರಡು ಕಂಡುದರಿಂದ ಕಾವ್ಯದ ಘನತೆ ಕುಗ್ಗಲಿಲ್ಲ. ಅದನ್ನು ಓದುವ ಬಗೆ ಸೂಕ್ಷ್ಮವಾಯಿತು. ಆದರೆ ಈ ಎರಡು ಸಂದರ್ಭಗಳಲ್ಲಿಯೂ ಬಾಗಿಲು ತೆರೆದ ಕೈ ಲೇಖಕನದಲ್ಲ. ರೋಸೆನ್‌ಫೆಲ್ಡ್ ತನ್ನ ಬಾಗಿಲನ್ನು ತಾನೇ ತೆರೆದನು. 2014ರಲ್ಲಿ ‘ಮೈನ್‌ಕ್ರಾಫ್ಟ್’ ಮೈಕ್ರೋಸಾಫ್ಟಿನ ಪಾಲಾದಾಗಲೂ ತನ್ನ ಸಂಗೀತದ ಹಕ್ಕನ್ನು ಆತ ಬಿಟ್ಟುಕೊಡಲಿಲ್ಲ. ತನ್ನ ದುಡಿಮೆಯಲ್ಲಿ ತೋರಬೇಕಾದುದಾವುದು, ಮುಚ್ಚಬೇಕಾದುದಾವುದು ಎಂದು ನಿರ್ಧರಿಸುವ ಸ್ವಾತಂತ್ರ್ಯ ಇಂಥವನಿಗೆ ಮಾತ್ರ ಇರುತ್ತದೆ.

ಈ ಮಾತು ನಮ್ಮ ತರಗತಿಗಳಿಗೂ ಸಂಬಂಧಿಸಿದುದು. ಕಾಗದದ ಮೇಲೆ ಹೊಡೆದುಹಾಕಿದ ಸಾಲು ಗೆರೆಯ ಅಡಿಯಲ್ಲಿ ಉಳಿಯುತ್ತಿತ್ತು. ಗಣಕದಲ್ಲಿ ಅಳಿಸಿದ ಸಾಲು ಗುರುತಿಲ್ಲದಂತೆ ಹೋಗುತ್ತದೆ. ಹೊಸ ಪ್ರತಿ ಹಳೆಯ ಪ್ರತಿಯನ್ನು ನುಂಗುತ್ತದೆ. ವಿದ್ಯಾರ್ಥಿ ಒಪ್ಪಿಸುವುದು ಕಲೆಯಿಲ್ಲದ ಒಂದು ಪ್ರತಿಯನ್ನು ಮಾತ್ರ. ಅದನ್ನು ನೋಡಿದ ಸಹಪಾಠಿ, ಬರೆಯಬಲ್ಲವರು ಮೊದಲ ಏಟಿಗೇ ಹೀಗೆ ಬರೆಯುತ್ತಾರೆಂದು ನಂಬಿ, ತನ್ನ ತಡವರಿಕೆಗೆ ನಾಚಿ, ಲೇಖನಿಯನ್ನೇ ಕೆಳಗಿಡುತ್ತಾನೆ. ಇದಕ್ಕಿಂತ ದೊಡ್ಡ ನಷ್ಟ ಸಾಹಿತ್ಯಕ್ಕೆ ಬೇರೆ ಯಾವುದಿದ್ದೀತು?

ಕರಡು ಕೃತಿಯ ಸ್ಥಾನಕ್ಕೆ ಬರಲಾರದು, ಬರಲೂಬಾರದು. ಅದನ್ನು ರಸಾಸ್ವಾದಕ್ಕೆಂದು ಹಿಡಿದರೆ ನಿರಾಶೆ ತಪ್ಪದು. ಆದರೆ ಕಲಿಯುವವನು ಅದನ್ನು ಕೃತಿಯ ಪಕ್ಕದಲ್ಲಿಟ್ಟುಕೊಂಡು, ಎರಡರ ನಡುವಣ ದೂರವನ್ನು ಅಳೆಯಲಿ. ಆ ದೂರವನ್ನು ನಡೆದೇ ದಾಟಿದವನೊಬ್ಬನಿದ್ದಾನೆಂದು ತಿಳಿಯುವುದು ಹೊಸಬನಿಗೆ ಸಣ್ಣ ಧೈರ್ಯವಲ್ಲ.